ಡೂಲಿಯ ಹೆಂಡದಂಗಡಿ

ಕೇಳುಗರಿಗೆ ನಮಸ್ಕಾರ. ರಾಜಕೀಯದ ಅಂಕಣದಲ್ಲಿ ಹಾಸ್ಯ, ಕಟ್ಟುಪಾತ್ರ ಇದರ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದಿದ್ದಾರೆ. ನನ್ನ ಹತ್ತಿರ ಇರೋದು ಒಂದೇ ಮಾತು. ಪಾತ್ರಕ್ಕೆ ಒಂದು ಕಸುಬು ಕೊಡಿ, ಒಂದು ಬೀದಿ ಕೊಡಿ. ನಗು ತಾನಾಗಿ ಬರುತ್ತದೆ.

ನನಗೆ ಬರಹ ತಂದು ತೋರಿಸುವ ಹುಡುಗರು ಇದನ್ನೇ ಮರೆಯುತ್ತಾರೆ. ಗುಂಡ ಹೀಗಂದ, ತಿಮ್ಮ ಹಾಗಂದ ಅಂತ ಇರುತ್ತದೆ. ಹೆಸರು ಹೊಡೆದು ಹಾಕಿ ಓದಿದರೆ ಯಾವುದು ಯಾರ ಮಾತು ಅಂತಲೇ ತಿಳಿಯಲ್ಲ, ಇಬ್ಬರೂ ಸಂಪಾದಕೀಯ ಒಪ್ಪಿಸುತ್ತಿರುತ್ತಾರೆ! ಗುಂಡ ಹೊಟ್ಟೆಪಾಡಿಗೆ ಏನು ಮಾಡ್ತಾನಪ್ಪಾ ಅಂತ ಕೇಳಿದರೆ ಸುಮ್ನೆ ತಲೆ ಕೆರೆದುಕೊಳ್ಳುತ್ತಾರೆ.

ಷಿಕಾಗೋದಲ್ಲಿ ಫಿನ್ಲಿ ಪೀಟರ್ ಡನ್ ಅಂತ ಒಬ್ಬ ಪತ್ರಕರ್ತ ಇದ್ದ. ಪೇಟೆಯ ನಡುವೆ ಮೆಗ್ಯಾರಿ ಅನ್ನುವ ಐರಿಷ್ ಮನುಷ್ಯನ ಬಾರು. ಡನ್ ಅವನ ಮಾತಿನ ಧಾಟಿಯನ್ನೇ ಎತ್ತಿಕೊಂಡು ಕರ್ನಲ್ ಮೆಕ್‌ನೀರಿ ಅಂತ ಪಾತ್ರ ಮಾಡಿ ಬರೆಯತೊಡಗಿದ. ಜನ ಬಾರಿಗೆ ಬಂದು ಮೆಗ್ಯಾರಿಯನ್ನೇ ಛೇಡಿಸೋದು ಜಾಸ್ತಿಯಾಯಿತು. ಅವನು ಸಿಟ್ಟಾಗಿ ಪತ್ರಿಕೆಯ ಯಜಮಾನರಿಗೆ ದೂರು ಕೊಟ್ಟ. ಡನ್ ಏನು ಮಾಡಿದ ಗೊತ್ತಾ? 1893ರಲ್ಲಿ ಆ ಕರ್ನಲ್‌ನನ್ನು ಕೈಬಿಟ್ಟು, ಪೇಟೆಯಿಂದ ದೂರ, ಕೂಲಿಯವರೇ ತುಂಬಿದ್ದ ಬ್ರಿಜ್‌ಪೋರ್ಟ್‌ನ ಆರ್ಚರ್ ರಸ್ತೆಯಲ್ಲಿ ಕಾಗದದ ಮೇಲೊಂದು ಹೆಂಡದಂಗಡಿ ತೆರೆದು, ಮಿಸ್ಟರ್ ಡೂಲಿ ಅನ್ನುವ ಮುದುಕನನ್ನು ಗಲ್ಲಾದಲ್ಲಿ ಕೂರಿಸಿದ. ಹೂಂಗುಟ್ಟೋದಕ್ಕೆ ಹೆನ್ನೆಸ್ಸಿ ಅಂತ ಒಬ್ಬ ಗಿರಾಕಿ. ಕಸುಬು, ಬೀದಿ, ಎರಡೂ ಬಂತಲ್ವಾ? ಪೇಪರಲ್ಲಿ ನೋಡಿದೆ ಕಣಯ್ಯಾ ಅಂತ ಡೂಲಿ ಶುರು ಮಾಡಿದರೆ ಊರಿನ ಮೇಯರಿಂದ ದೇಶದ ಅಧ್ಯಕ್ಷರವರೆಗೆ ಯಾರೂ ಉಳಿಯುತ್ತಿರಲಿಲ್ಲ.

1899ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಕ್ಯೂಬಾ ಯುದ್ಧದಲ್ಲಿ ತಮ್ಮ ದಳ ಕಾದಾಡಿದ ಬಗ್ಗೆ ಪುಸ್ತಕ ಬರೆದರು. ಆಗ ಅವರು ನ್ಯೂಯಾರ್ಕಿನ ಗವರ್ನರ್. ಡೂಲಿ ಅದನ್ನು ಓದಿ, ನಾನಾಗಿದ್ದರೆ ಇದಕ್ಕೆ ‘ಕ್ಯೂಬಾದಲ್ಲಿ ಒಬ್ಬನೇ’ ಅಂತ ಹೆಸರಿಡುತ್ತಿದ್ದೆ ಅಂದ! ಇದನ್ನೇ ಸಂಪಾದಕ ಬರೆದಿದ್ದರೆ ಜಗಳ. ಇಲ್ಲದ ಅಂಗಡಿಯ ಹೆಂಡ ಮಾರುವ ಮುದುಕನ ಜತೆ ಗವರ್ನರ್ ಏನಂತ ಜಗಳ ಆಡುತ್ತಾರೆ? ನಮ್ಮ ಮನೆಯವರಿಗೆಲ್ಲ ನಿಮ್ಮ ವಿಮರ್ಶೆ ಬಲು ಇಷ್ಟವಾಯಿತು ಅಂತ ರೂಸ್‌ವೆಲ್ಟೇ ಡನ್‌ಗೆ ಕಾಗದ ಬರೆದರು.

ಅಯ್ಯೋ, ಡೂಲಿಯೇ ಹೊತ್ತು ತಿಂದುಬಿಟ್ಟ. ನಮ್ಮಲ್ಲೂ 1942ರಲ್ಲಿ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ, ಹಾಸ್ಯ ಪತ್ರಿಕೆ ತೆಗೆದು ಅದಕ್ಕೊಂದು ಪಾತ್ರದ ಹೆಸರೇ ಇಟ್ಟರು, ‘ಕೊರವಂಜಿ’. ಕಣಿ ಹೇಳೋದೇ ಅವಳ ಕಸುಬು. ರಾಣಿಯ ಕೈಯನ್ನಾದರೂ ಹಿಡಿದು ಇದ್ದದ್ದು ಇದ್ದ ಹಾಗೆ ಹೇಳಿಬಿಡಬಹುದು.

ಆ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಮುಂದೆ ಮುಂಬೈಯಲ್ಲಿ ಕಾಮನ್ ಮ್ಯಾನ್‌ನನ್ನು ಮಾಡಿದರು. ಚೌಕಳಿ ಕೋಟು, ಪಂಚೆ, ಕನ್ನಡಕ. ನನ್ನ ಮಾತನ್ನೆಲ್ಲ ಕೆಡಿಸುವ ಆಸಾಮಿ ಇವನೊಬ್ಬನೇ. ಇವತ್ತು ಮಂತ್ರಿಗಳ ಹಿಂದೆ ನಿಂತಿರುತ್ತಾನೆ, ನಾಳೆ ರಸ್ತೆ ಗುಂಡಿಯ ಪಕ್ಕ. ಕಸುಬು ಏನಯ್ಯಾ, ಯಾವ ಬೀದಿ ಅಂತ ಕೇಳೋಣ ಅಂದರೆ ಬಾಯೇ ಬಿಡಲ್ಲ. ಗಾಜಿನ ಆಚೆಯಿಂದ ಕೈ ಆಡಿಸುತ್ತಿದ್ದಾರೆ, ಹೊತ್ತಾಯಿತಂತೆ. ನಾನೂ ಬಾಯಿ ಮುಚ್ಚುತ್ತೇನೆ. ನಮಸ್ಕಾರ.