ಹನ್ನೊಂದು ಗೋಣಿಚೀಲ

(ವಿರಾಜಪೇಟೆಯಲ್ಲಿ ಕಥೋಲಿಕ ಧರ್ಮಕೇಂದ್ರಗಳ, ಅಂದರೆ ಪ್ಯಾರಿಷ್‌ಗಳ, ಪಾಲನಾ ಪರಿಷತ್ ಸದಸ್ಯರಿಗಾಗಿ ನಡೆದ ಒಂದು ದಿನದ ಶಿಬಿರದಲ್ಲಿ ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಪೂಜ್ಯ ಗುರುಗಳೇ, ಸಿಸ್ಟರ್‌ಗಳೇ, ಈ ಮಂಜಿನಲ್ಲಿ ಜೀಪು, ಬಸ್ಸು ಹಿಡಿದು ಬೆಳಗ್ಗೆಯೇ ಬಂದಿರುವ ಬಂಧುಗಳೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಸಂಪನ್ಮೂಲ ವ್ಯಕ್ತಿ’ ಎಂದು ಅಚ್ಚಾಗಿದೆ. ನನ್ನ ಹೆಂಡತಿ ಅದನ್ನು ಎರಡು ಸಲ ಓದಿ, ‘ಸಂಪತ್ತೂ ಇಲ್ಲ, ಮೂಲವೂ ಗೊತ್ತಿಲ್ಲ, ಇದು ಬೇರೆ ಯಾರೋ ಇರಬೇಕು’ ಎಂದಳು. ನಾನು ಮೂವತ್ತನಾಲ್ಕು ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಬಯಲುಸೀಮೆಯ ಕಡೆ ಹೀಗೆ ಹೇಳಿಕೊಂಡರೆ ‘ಎಷ್ಟು ಕಾದಂಬರಿ ಬರೆದಿದ್ದೀರಿ?’ ಎಂದು ಕೇಳುತ್ತಾರೆ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಜರಿ ಪುಸ್ತಕ, ಬಟವಾಡೆ, ಕಣದ ಲೆಕ್ಕ, ಗೋದಾಮಿನ ಬೀಗದಕೈ. ನನ್ನ ಸಾಹಿತ್ಯವೆಲ್ಲ ಅಷ್ಟೇ.

ನನಗೆ ಕೊಟ್ಟಿರುವ ವಿಷಯ ‘ಸ್ಟೀವರ್ಡ್‌ಶಿಪ್’. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಹಳೆಯ ಕನ್ನಡ ಬೈಬಲಿನಲ್ಲಿ ‘ಮನೆವಾರ್ತೆಯವನು’ ಎಂಬ ಒಳ್ಳೆಯ ಪದವಿದೆ, ಮನೆಯ ವ್ಯವಹಾರ ನೋಡಿಕೊಳ್ಳುವವನು. ನನ್ನ ಮೊಮ್ಮಗಳಿಗೆ ಇದನ್ನು ಹೇಳಿದಾಗ, ‘ಅಂದರೆ ಮನೆಯ ಸುದ್ದಿ ಹರಡುವವರಾ ತಾತ?’ ಎಂದಳು. ಆ ಅರ್ಥದಲ್ಲಿ ಮನೆವಾರ್ತೆಯವರು ನಮ್ಮ ಎಲ್ಲ ಧರ್ಮಕೇಂದ್ರಗಳಲ್ಲೂ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಇವತ್ತು ನಾನು ರೈಟರ್ ಎಂದೇ ಹೇಳುತ್ತೇನೆ. ತೋಟ ಅವನದಲ್ಲ. ಆದರೆ ಬೀಗದಕೈ ಅವನ ಸೊಂಟದಲ್ಲಿದೆ, ಪುಸ್ತಕ ಅವನ ಕಂಕುಳಲ್ಲಿದೆ, ಸಾಹುಕಾರರು ಬೆಂಗಳೂರಿನಲ್ಲಿದ್ದಾರೆ. ಒಂದು ದಿನ ಬಂದೇ ಬರುತ್ತಾರೆ.

ದುರದೃಷ್ಟವೆಂದರೆ ನನ್ನ ಕಸುಬಿನ ಬಗ್ಗೆ ಬೈಬಲಿನ ಶುಭಸಂದೇಶದಲ್ಲಿ ಇರುವ ದೊಡ್ಡ ಕಥೆಯಲ್ಲಿ ರೈಟರನೇ ಕಳ್ಳ. ಲೂಕ 16. ಕೆಲಸ ಹೋಗುತ್ತದೆ ಎಂದು ಗೊತ್ತಾದ ಕೂಡಲೇ ಸಾಲಗಾರರನ್ನು ಒಬ್ಬೊಬ್ಬರನ್ನಾಗಿ ಕರೆದು, ನೂರು ಅಳತೆ ಎಣ್ಣೆ ಇದ್ದಲ್ಲಿ ಐವತ್ತು, ನೂರು ಅಳತೆ ಗೋಧಿ ಇದ್ದಲ್ಲಿ ಎಂಬತ್ತು ಎಂದು ಬರೆಸಿದ. ಯಜಮಾನ ಅವನ ಜಾಣತನವನ್ನು ಹೊಗಳಿದ್ದು ಏಕೆ ಎಂಬ ಬಗ್ಗೆ ಗುರುಗಳು ಬೇಕಾದಷ್ಟು ಪ್ರಬೋಧನೆ ಮಾಡಿದ್ದಾರೆ, ನನಗೆ ಪೂರ್ತಿ ಸಮಾಧಾನವಾಗಿಲ್ಲ. ಆದರೆ ಆ ಕಥೆಯ ಮೊದಲಲ್ಲಿ ಯಜಮಾನ ಆಡುವ ಮಾತು ನನ್ನ ಎದೆಗೆ ನೇರವಾಗಿ ನಾಟಿದೆ: ಲೆಕ್ಕ ಒಪ್ಪಿಸು. ನನ್ನ ಇಡೀ ಉಪನ್ಯಾಸ ಈ ಎರಡು ಪದಗಳ ಮೇಲೆ ನಿಂತಿದೆ. ಬೇಕಾದರೆ ಈಗಲೇ ಎದ್ದು ಕಾಫಿ ಕುಡಿಯಲು ಹೋಗಬಹುದು.

ಒಂದು ಘಟನೆ ಹೇಳುತ್ತೇನೆ. ಫಾದರ್ ಇದನ್ನು ಮೂರು ಸಲ ಕೇಳಿದ್ದಾರೆ, ಕ್ಷಮಿಸಬೇಕು.

ನಾನು ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಸಿದ್ದಾಪುರದ ಕಡೆಯ ತೋಟ. ಸಾಹುಕಾರರು ವಯಸ್ಸಾದವರು, ಕಡಿಮೆ ಮಾತು. ಕೊಯ್ಲು ಮುಗಿದು, ಚೆರಿ ಎಂಬ ಕಾಫಿ ಹಣ್ಣು ಒಣಗಿ, ಮೂಟೆ ಕಟ್ಟಿ ಆಗಿತ್ತು. ನಾನು ರಾತ್ರಿಯೆಲ್ಲ ಲಾಟೀನು ಬೆಳಕಿನಲ್ಲಿ ಕುಳಿತು ಕಾಫಿಯ ಲೆಕ್ಕವನ್ನು ಕಿಲೋ ಕೂಡ ತಪ್ಪದಂತೆ ಹೊಂದಿಸಿದ್ದೆ. ಬೆಳಗ್ಗೆ ಅವರು ಕಣದ ಕಟ್ಟೆಯ ಮೇಲೆ ಕುಳಿತು ಪುಸ್ತಕ ತಿರುವಿದರು. ಶಹಬ್ಬಾಸ್ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೇನೆ. ಅವರು ಕಾಫಿಯ ಪುಟ ನೋಡಲೇ ಇಲ್ಲ ಎನ್ನಬೇಕು. ಕೊನೆಯ ಪುಟಕ್ಕೆ ಹೋಗಿ, ‘ರೈಟರೇ, ಗೋಣಿಚೀಲ ಹನ್ನೊಂದು ಕಡಿಮೆ ಇದೆಯಲ್ಲ?’ ಎಂದರು.

ಚೀಲ ಎಲ್ಲಿ ಹೋಗಿದೆ ಎಂದು ನನಗೆ ಗೊತ್ತಿತ್ತು. ಆ ವರ್ಷ ಆಟಿ ತಿಂಗಳ ಮಳೆ ಹೇಗಿತ್ತೆಂದರೆ ಕೂಲಿಯಾಳುಗಳ ಲೈನ್‌ಮನೆಯ ಒಲೆಗಳು ಹೊತ್ತುತ್ತಿರಲಿಲ್ಲ. ಹೆಂಗಸರು ಬಂದು ಕೇಳಿದ್ದರು. ಮಕ್ಕಳಿಗೆ ಹಾಸಲು, ತಲೆಗೆ ಕೊಪ್ಪೆ ಹಾಕಿಕೊಳ್ಳಲು ಒಂದೊಂದು ಕೊಟ್ಟಿದ್ದೆ. ಆದರೆ ಬರೆದಿರಲಿಲ್ಲ. ಸಾಹುಕಾರರು ಬೈಯುತ್ತಾರೆ ಎಂಬ ಭಯ ಒಂದು. ಇನ್ನೊಂದು, ಇವತ್ತು ಒಪ್ಪಿಕೊಳ್ಳುತ್ತೇನೆ, ಲೈನ್‌ಮನೆಯಲ್ಲಿ ‘ನಮ್ಮ ರೈಟರ್ ಕೊಟ್ಟರು’ ಎಂದು ಹೇಳುತ್ತಿದ್ದದ್ದು ನನಗೆ ಹಿತವಾಗಿತ್ತು. ತಡವರಿಸುತ್ತಾ ವಿಷಯ ಹೇಳಿದೆ. ಅವರು ಪುಸ್ತಕವನ್ನು ನನ್ನ ಕಡೆ ತಳ್ಳಿ ಹೇಳಿದರು: ‘ಬರೆಯಿರಿ. ಇಂಥವರಿಗೆ ಇಂಥ ದಿನ ಕೊಟ್ಟೆ ಎಂದು ಬರೆಯಿರಿ. ಬರೆದರೆ ಅದು ತೋಟ ಕೊಟ್ಟ ದಾನ. ಬರೆಯದಿದ್ದರೆ ನೀವು ಮಾಡಿದ ಕಳವು. ಚೀಲ ಅದೇ.’ ನಾನು ಬರೆದೆ. ಅವರು ಕೆಳಗೆ ರುಜು ಹಾಕಿದರು. ಹೋಗುವ ಮುನ್ನ ತಿರುಗಿ, ‘ಮುಂದಿನ ಮಳೆಗಾಲಕ್ಕೆ ಇಪ್ಪತ್ತು ಕಂಬಳಿ ತರಿಸಿ, ಗೋಣಿಯಲ್ಲಿ ಮಕ್ಕಳು ಮಲಗುವುದೇನು!’ ಎಂದರು. ಪುಸ್ತಕದಲ್ಲಿ ಹನ್ನೊಂದು ಚೀಲ ಕಾಣಿಸಿದ್ದರಿಂದ ಇಪ್ಪತ್ತು ಕಂಬಳಿ ಬಂತು. ಇದನ್ನು ದಯವಿಟ್ಟು ನೆನಪಿಡಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ ನಮ್ಮ ವಿಷಯ. ಅಮೆರಿಕದ ಧರ್ಮಾಧ್ಯಕ್ಷರು, ಅಂದರೆ ಬಿಷಪ್‌ಗಳು, 1992ರಲ್ಲಿ ಸ್ಟೀವರ್ಡ್‌ಶಿಪ್ ಬಗ್ಗೆ ಒಂದು ಪಾಲನಾ ಪತ್ರ ಬರೆದರು. ಶಿಷ್ಯನೊಬ್ಬ ದೇವರ ಕರೆಗೆ ಕೊಡುವ ಉತ್ತರವೇ ಇದು ಎನ್ನುವುದು ಅದರ ತಿರುಳು. ಸಮಯ, ಪ್ರತಿಭೆ, ಧನ ಎಂಬ ಮೂರು ಮಾತು ಆ ಕಡೆಯ ಧರ್ಮಕೇಂದ್ರಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಕ್ಯಾನ್ಸಸ್ ರಾಜ್ಯದಲ್ಲಿ ವಿಚಿಟಾ ಎಂಬ ಧರ್ಮಪ್ರಾಂತ್ಯವಿದೆ, ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ ಪ್ರದೇಶ. ಅಲ್ಲಿ ಥಾಮಸ್ ಮೆಕ್‌ಗ್ರೆಡ್ ಎಂಬ ಐರ್ಲೆಂಡ್ ಮೂಲದ ಗುರುಗಳು ತಮ್ಮ ಧರ್ಮಕೇಂದ್ರದಲ್ಲಿ ಆರಂಭಿಸಿದ ಪದ್ಧತಿ 1985ರಲ್ಲಿ ಇಡೀ ಧರ್ಮಪ್ರಾಂತ್ಯಕ್ಕೆ ಹಬ್ಬಿತು. ಅಲ್ಲಿ ಧರ್ಮಕೇಂದ್ರದ ಕೆಲಸಗಳಲ್ಲಿ ತೊಡಗಿಕೊಂಡ ಕುಟುಂಬಗಳ ಮಕ್ಕಳಿಗೆ ಕಥೋಲಿಕ ಶಾಲೆಯಲ್ಲಿ ಬೋಧನಾ ಶುಲ್ಕವಿಲ್ಲ. ಎಲ್ಲರೂ ಕೊಡುತ್ತಾರೆ, ಎಲ್ಲರ ಮಕ್ಕಳೂ ಓದುತ್ತಾರೆ.

ಇದನ್ನು ಕೇಳಿದ ಕೂಡಲೇ ಕೆಲವರ ಕಣ್ಣು ಹೊಳೆಯುವುದು ಕಾಣಿಸುತ್ತಿದೆ. ‘ದಶಮಾಂಶ ಶುರು ಮಾಡೋಣ, ಆದಾಯದ ಹತ್ತರಲ್ಲೊಂದು ಪಾಲು!’ ನಿಧಾನ. ನಮ್ಮ ಬೆಂಚುಗಳಲ್ಲಿ ಕುಳಿತವರಲ್ಲಿ ವಾರದ ಬಟವಾಡೆಯ ಮೇಲೆ ಬದುಕುವವರು ಎಷ್ಟು ಜನ! ಇನ್ನೊಂದು ಕಡೆ, 2024ರಿಂದೀಚೆಗೆ ರೋಬಸ್ಟಾಕ್ಕೆ ಬಂದ ಬೆಲೆ ನಿಮಗೆಲ್ಲ ಗೊತ್ತು. ಕಾಫಿಯ ಬೆಲೆ ಆಕಾಶಕ್ಕೆ ಏರಿದಾಗಲೂ ಕಾಣಿಕೆ ಚೀಲದೊಳಗಿನ ಹತ್ತು ರೂಪಾಯಿ ನೋಟು ಮಾತ್ರ ತನ್ನ ವಿನಯವನ್ನು ಬಿಡಲಿಲ್ಲ. (ನಗಬೇಡಿ, ಎರಡನೇ ಸಾಲಿನಲ್ಲಿ ಇಬ್ಬರು ಪ್ಲಾಂಟರ್‌ಗಳು ಕುಳಿತಿದ್ದಾರೆ.) ಆದರೆ ನನ್ನ ವಾದ ಇದು: ಜನ ಕೊಡದಿರುವುದಕ್ಕೆ ಜಿಪುಣತನಕ್ಕಿಂತ ದೊಡ್ಡ ಕಾರಣ ನಮ್ಮ ಪುಸ್ತಕ ಮುಚ್ಚಿರುವುದು. ಮೊದಲು ಲೆಕ್ಕ, ಆಮೇಲೆ ಕಾಣಿಕೆ.

ಒಂದು ಧರ್ಮಕೇಂದ್ರ, ಯಾವುದೆಂದು ಹೇಳುವುದಿಲ್ಲ, ಊಹಿಸಲೂ ಹೋಗಬೇಡಿ. ಗಂಟೆಗೋಪುರಕ್ಕೆ ಎಂದು ಹಣ ಸೇರಿಸಿದರು. ವರ್ಷ ಎರಡಾಯಿತು. ಗೋಪುರ ಬರಲಿಲ್ಲ, ಕಾಂಪೌಂಡ್ ಗೋಡೆ ಬಂತು. ಗೋಡೆ ಅಗತ್ಯವಾಗಿತ್ತು, ಕಾಡುಹಂದಿಗಳು ಸ್ಮಶಾನವನ್ನು ಅಗೆಯುತ್ತಿದ್ದವು. ಯಾರೂ ಒಂದು ರೂಪಾಯಿ ತಿನ್ನಲಿಲ್ಲ ಎಂದು ನಾನು ನಂಬುತ್ತೇನೆ. ಆದರೆ ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಆಮೇಲೆ ಅಲ್ಲಿ ಛಾವಣಿ ಸೋರಿದಾಗ ಜನ ಬಕೆಟ್ ತಂದಿಟ್ಟರು, ಹಣ ತರಲಿಲ್ಲ. ನೋಡಿ, ಅದೇ ಗೋಣಿಚೀಲ!

ಇದು ನನ್ನ ಸ್ವಂತ ತತ್ವವಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯನ್ನು ತೆರೆಯಿರಿ. 222ನೇ ವಿಧಿ ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ವಿಶ್ವಾಸಿಗಳ ಕರ್ತವ್ಯ ಎನ್ನುತ್ತದೆ. ಇದನ್ನು ನಾವು ತಪಸ್ಸುಕಾಲದಲ್ಲಿ ಜೋರಾಗಿ ಓದುತ್ತೇವೆ. 537ನೇ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಆರ್ಥಿಕ ಸಮಿತಿ ಇರಲೇಬೇಕು. 1267ರ ಪ್ರಕಾರ ಯಾವ ಉದ್ದೇಶಕ್ಕೆ ಕಾಣಿಕೆ ಕೊಟ್ಟರೋ ಅದಕ್ಕೇ ಬಳಸಬೇಕು. 1287 ವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕು ಎನ್ನುತ್ತದೆ. ಇವುಗಳನ್ನು ಮಾತ್ರ ಏಕೋ ಮೆಲ್ಲಗೆ ಓದುತ್ತೇವೆ. ಸಂತ ಪೌಲರಿಗಿಂತ ನಾವು ದೊಡ್ಡವರೇ? ಜೆರುಸಲೇಮಿನ ಬಡವರಿಗಾಗಿ ಕಾಣಿಕೆ ಸಂಗ್ರಹಿಸಿದಾಗ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೇ ಅಧ್ಯಾಯದಲ್ಲಿ, ಅದನ್ನು ಒಯ್ಯಲು ತಮ್ಮ ಜೊತೆಗೆ ಇತರರನ್ನೂ ನೇಮಿಸಿದ್ದನ್ನು ಹೇಳುತ್ತಾರೆ. ಪ್ರಭುವಿನ ಕಣ್ಣಿಗೆ ಮಾತ್ರವಲ್ಲ, ಮನುಷ್ಯರ ಕಣ್ಣಿಗೂ ಎಲ್ಲವೂ ಸರಿಯಾಗಿರಬೇಕು ಎಂಬುದು ಅವರ ಎಚ್ಚರ. ಪ್ರೇಷಿತನಿಗೇ ಸಾಕ್ಷಿಗಳು ಬೇಕಾಗಿದ್ದರು.

ನಮ್ಮ ಧರ್ಮಕೇಂದ್ರದಲ್ಲಿ ಮೂರು ತಿಂಗಳಿಗೊಮ್ಮೆ ಭಾನುವಾರದ ಬಲಿಪೂಜೆಯ ನಂತರ ಲೆಕ್ಕ ಓದುವುದನ್ನು ಆರಂಭಿಸಿದೆವು. ಮೊದಲ ದಿನ ನನ್ನ ಕೈ ನಡುಗಿತು. ಮೇಣದಬತ್ತಿ, ದ್ರಾಕ್ಷಾರಸ, ವಿದ್ಯುತ್ ಬಿಲ್ಲು, ಜನರೇಟರಿಗೆ ಡೀಸೆಲ್, ಉಪದೇಶಿಯ ಗೌರವಧನ. ಯಾರೂ ಉಸಿರೆತ್ತಲಿಲ್ಲ. ‘ಸಭೆಗಳಿಗೆ ಇನ್‌ಸ್ಟಂಟ್ ಕಾಫಿಪುಡಿ’ ಎಂದು ಓದಿದೆ ನೋಡಿ, ಇಡೀ ದೇವಾಲಯ ಎದ್ದು ನಿಂತಿತು. ಕೊಡಗಿನಲ್ಲಿ, ಸುತ್ತಲೂ ತೋಟ ಇರುವ ಊರಿನಲ್ಲಿ, ಗುರುಗಳಿಗೆ ಅಂಗಡಿಯ ಡಬ್ಬಿಯ ಕಾಫಿಯೇ? ಮಾರನೆಯ ವಾರದಿಂದ ಒಬ್ಬರಲ್ಲ ಒಬ್ಬರು ಮನೆಯಲ್ಲೇ ಹುರಿದು ಪುಡಿ ಮಾಡಿ ತಂದುಕೊಡುತ್ತಿದ್ದಾರೆ. ಆ ಖರ್ಚು ಪುಸ್ತಕದಿಂದಲೇ ಹೋಯಿತು. ಯಾರೂ ಮನವಿ ಮಾಡಿರಲಿಲ್ಲ. ಓದಿದ್ದೆವು, ಅಷ್ಟೆ.

ಸಮಯ, ಪ್ರತಿಭೆಯ ವಿಷಯ. ಯಜಮಾನ ತನ್ನ ಆಳುಗಳಿಗೆ ಹಣ ಒಪ್ಪಿಸಿ ಹೋಗುವ ಮತ್ತಾಯ 25ರ ತಲಾಂತಿನ ಕಥೆಯಲ್ಲಿ ಒಂದೇ ತಲಾಂತು ಸಿಕ್ಕಿದವನನ್ನು ನಾವು ಪಾಪದವನು, ಬಡವ ಎಂದುಕೊಳ್ಳುತ್ತೇವೆ. ರೈಟರನಾಗಿ ಲೆಕ್ಕ ಹಾಕಿ ನೋಡಿದೆ. ತಲಾಂತು ಎಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ವರ್ಷಕ್ಕೆ 300 ಹಾಜರಿ ಹಿಡಿದರೆ ಇಪ್ಪತ್ತು ವರ್ಷದ ಬಟವಾಡೆ ಅವನ ಕೈಯಲ್ಲಿತ್ತು! ಅದನ್ನು ಅವನು ಹೂತಿಟ್ಟ.

ನಾವು ಒಂದು ಚೀಟಿ ಹಂಚಿದೆವು: ‘ನಿಮಗೆ ಏನು ಬರುತ್ತದೆ?’ ಗಾನವೃಂದಕ್ಕೆ ಸೇರುತ್ತೇನೆ ಎಂದು ಬಹಳ ಜನ ಬರೆದರು. ಅವರಲ್ಲಿ ಕೆಲವರಾದರೂ ಬೇರೆ ಪ್ರತಿಭೆ ಹುಡುಕಿಕೊಳ್ಳಲಿ ಎಂದು ಪ್ರಾರ್ಥಿಸಿದೆ. ಒಂದು ಚೀಟಿಯಲ್ಲಿ ಮಾತ್ರ ಮಗಳ ಕೈಬರಹದಲ್ಲಿ ‘ಮರ ಹತ್ತುವುದು’ ಎಂದಿತ್ತು. ಮರಗಸಿ ಮಾಡುವ, ಅಂದರೆ ಮರ ಹತ್ತಿ ಕೊಂಬೆ ಕಡಿಯುವ ಮನುಷ್ಯ. ಯಾವಾಗಲೂ ಬಾಗಿಲ ಹತ್ತಿರದ ಕಡೆಯ ಬೆಂಚು, ಪೂಜೆ ಮುಗಿಯುವ ಮೊದಲೇ ಮಾಯ. ದೇವಾಲಯದ ಛಾವಣಿಯ ಮೇಲೆ ಚಾಚಿದ್ದ ಸಿಲ್ವರ್ ಓಕ್ ಕೊಂಬೆಗಳನ್ನು ನೋಡಿ ನಾವು ಎರಡು ಮಳೆಗಾಲ ಹೆದರಿ ಕುಳಿತಿದ್ದೆವು. ಆತ ಒಂದು ಶನಿವಾರ ಬಂದು, ಹಗ್ಗ ಕಟ್ಟಿ, ಒಂದು ಹೆಂಚೂ ಒಡೆಯದಂತೆ ಎಲ್ಲವನ್ನೂ ಇಳಿಸಿದ. ನಾನು ಪುಸ್ತಕದಲ್ಲಿ ಬರೆದೆ: ಮರಗಸಿ, ಒಂದು ದಿನ, ಕಾಣಿಕೆ. ಮುಂದಿನ ಲೆಕ್ಕದ ದಿನ ಓದಿದೆ. ಆತ ಅವತ್ತು ಪೂಜೆ ಮುಗಿಯುವವರೆಗೆ ಇದ್ದ. ಎಷ್ಟೋ ವರ್ಷಗಳಿಂದ ನಾವು ಅವನನ್ನು ಕೇಳಿದ್ದು ಅವನಲ್ಲಿ ಇಲ್ಲದ ಹಣವನ್ನು ಮಾತ್ರ.

ಕೊಡುವುದನ್ನು ಕೊಡಗಿನವರಿಗೆ ಹೊರಗಿನವರು ಬಂದು ಕಲಿಸಬೇಕೇ? ಈ ವಿರಾಜಪೇಟೆಯಲ್ಲಿ ನಮ್ಮ ಹಿರಿಯರಿಗೆ 1792ರಲ್ಲಿ ನೆಲೆ ಕೊಟ್ಟದ್ದು ದೊಡ್ಡ ವೀರರಾಜೇಂದ್ರ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಆ ಅರಸ ನೆಲ ಕೊಟ್ಟ. ಸಂತ ಅನ್ನಮ್ಮನ ದೇವಾಲಯ ಅಲ್ಲಿಂದ ಬೆಳೆಯಿತು. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ನಮ್ಮ ಕೊಡವ ನೆರೆಹೊರೆಯವರು ಹೊಸ ಕದಿರನ್ನು ‘ಪೊಲಿ ಪೊಲಿ ದೇವಾ’ ಎಂದು ಮನೆಗೆ ತರುತ್ತಾರೆ. ಸೆಪ್ಟೆಂಬರ್ 8ರಂದು ನಮ್ಮ ಕೊಂಕಣಿ ಮನೆಗಳಲ್ಲಿ ಆಶೀರ್ವದಿಸಿದ ಹೊಸ ತೆನೆಯ ಊಟ. ಮೊದಲನೆಯದು ಎತ್ತಿಡುವುದು ಎಂದರೆ ಏನೆಂದು ಈ ಮಣ್ಣಿಗೆ ಗೊತ್ತು. ನಾವು ಮಾತ್ರ ದೇವರಿಗೆ ಉಳಿದದ್ದನ್ನು ಕೊಡುತ್ತೇವೆ. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದಾಗ ನಮ್ಮ ಸಭಾಂಗಣಕ್ಕೂ ಸಾಮಾನು ಬಂತು. ಜೀಪು ಇದ್ದವರು ಜೀಪು ತಂದರು, ಅಡುಗೆ ಬಲ್ಲವರು ಹಂಡೆ ಇಟ್ಟರು, ಯಾರೂ ಚೀಟಿ ಹಂಚಿರಲಿಲ್ಲ. ಅದರ ಜೊತೆಗೇ ಹರಿದ ಬಟ್ಟೆಗಳ ಒಂದು ಗುಡ್ಡವೂ ಬಂತು. ಬೆಟ್ಟ ಕಳೆದುಕೊಂಡವರಿಗೆ ಹಳೆಯ ಬಟ್ಟೆಯ ಬೆಟ್ಟ. ಅದನ್ನು ವಿಂಗಡಿಸಲು ಎರಡು ದಿನ ಹಿಡಿಯಿತು. ಒಂದು ಪ್ಯಾಂಟಿನ ಜೇಬಿನಲ್ಲಿ ನಮ್ಮದೇ ಧರ್ಮಕೇಂದ್ರದ ಖಾಲಿ ಕಾಣಿಕೆ ಲಕೋಟೆ ಸಿಕ್ಕಿತು, ಹೆಸರು ಸಮೇತ. ಹೆಸರು ಹೇಳುವುದಿಲ್ಲ.

ಫಾದರ್ ಕೈಗಡಿಯಾರ ನೋಡುತ್ತಿದ್ದಾರೆ. ಇನ್ನೂ ನಾಲ್ಕು ಅಂಶ ಬರೆದುಕೊಂಡಿದ್ದೆ. ಮಕ್ಕಳ ಧರ್ಮೋಪದೇಶ ತರಗತಿಯಲ್ಲಿ ಇದನ್ನು ಹೇಗೆ ಕಲಿಸುವುದು: ಐದು ರೊಟ್ಟಿ ತಂದ ಹುಡುಗನ ಕಥೆಯಿಂದ ಆರಂಭಿಸಿ, ಅವನ ಬುತ್ತಿ ಕಟ್ಟಿದ ತಾಯಿಯನ್ನೂ ನೆನಪಿಸಿ. ಪರಿಸರದ ಬಗ್ಗೆ ಪೋಪ್ ಫ್ರಾನ್ಸಿಸ್ ಅವರ 2015ರ ‘ಲೌದಾತೊ ಸಿ’ ಪತ್ರ: ದೇವರಕಾಡುಗಳನ್ನು ಕಾದುಕೊಂಡು ಬಂದ ಜಿಲ್ಲೆಯಲ್ಲಿ ದೇವಾಲಯದ ಹಿಂದೆಯೇ ಪ್ಲಾಸ್ಟಿಕ್ ಸುಡುವುದನ್ನು ನಿಲ್ಲಿಸಿ, ಇವತ್ತೇ. ಕಾಣಿಕೆ ಕೊಟ್ಟವರ ಹೆಸರು, ಮೊತ್ತದ ಪಟ್ಟಿಯನ್ನು ಬಾಗಿಲಿಗೆ ಅಂಟಿಸುವುದು: ಬೇಡ. ಲೆಕ್ಕ ಧರ್ಮಕೇಂದ್ರದ್ದು ತೆರೆದಿರಲಿ, ಬೈಬಲಿನ ಬಡ ವಿಧವೆ ಕಾಣಿಕೆ ಹಾಕಿದ ಎರಡು ಕಾಸಿನದ್ದು ಯೇಸುಸ್ವಾಮಿ ನೋಡಿಕೊಳ್ಳುತ್ತಾರೆ. ನಾಲ್ಕನೆಯದು ಏನೆಂದು ನನ್ನ ಅಕ್ಷರ ನನಗೇ ಓದಲಾಗುತ್ತಿಲ್ಲ. ರೈಟರನ ಮರ್ಯಾದೆ ಹೋಯಿತು.

ಅಡುಗೆಮನೆಯಿಂದ ಪಂದಿ ಕರಿಯ ಪರಿಮಳ ಬರುತ್ತಿದೆ, ಇನ್ನು ನನ್ನ ಮಾತನ್ನು ಯಾರು ಕೇಳುತ್ತಾರೆ! ಬಾಗಿಲ ಬಳಿ ಮೇಜಿನ ಮೇಲೆ ನಮ್ಮ ಧರ್ಮಕೇಂದ್ರದ ಲೆಕ್ಕದ ಪುಸ್ತಕವನ್ನು ಇಟ್ಟಿದ್ದೇನೆ. ತಿರುವಿ ನೋಡಿ, ನಕಲು ಮಾಡಿಕೊಳ್ಳಿ, ತಪ್ಪಿದ್ದರೆ ಹೇಳಿ. ಮರಗಸಿಯ ನಮೂದಿನ ಪುಟ ಮಡಿಸಿಟ್ಟಿದ್ದೇನೆ. ಒಂದೇ ವಿನಂತಿ, ಊಟಕ್ಕೆ ಮೊದಲೇ ನೋಡಿ. ಕಳೆದ ಶಿಬಿರದಲ್ಲಿ ಊಟದ ನಂತರ ನೋಡಿದವರ ಹೆಬ್ಬೆರಳಿನ ಗುರುತು ಇನ್ನೂ ಡೀಸೆಲ್ ಖಾತೆಯ ಮೇಲಿದೆ, ಆ ಎಣ್ಣೆಯನ್ನು ಯಾವ ಖಾತೆಗೆ ಬರೆಯಬೇಕೆಂದು ನನಗೆ ತಿಳಿದಿಲ್ಲ.