ಇದು ಇಲ್ಲಿಗೆ ಹೇಗೆ ಬಂತು?

ಕೇಳುಗರಿಗೆ ನಮಸ್ಕಾರ.

ಹೈದರ್ ಅಲಿ ಹುಟ್ಟಿದ್ದು ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಆತನ ತಂದೆಯ ಗೋರಿ ಇರುವುದು ಕೋಲಾರ ಪಟ್ಟಣದಲ್ಲಿ. ಆ ಮನೆತನಕ್ಕೆ ಸೇರಿದ ಅತ್ಯಂತ ಹೆಸರಾದ ವಸ್ತುವನ್ನು ನೋಡಬೇಕೆಂದರೆ ಮಾತ್ರ ಲಂಡನ್ನಿಗೆ ಹೋಗಬೇಕು. ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಟಿಪ್ಪುವಿನ ಮರದ ಹುಲಿ ಒಬ್ಬ ಐರೋಪ್ಯನನ್ನು ಕೆಡವಿಕೊಂಡು ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ತುಂಬಿಕೊಳ್ಳುತ್ತವೆ, ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ಕೈ ಎತ್ತಿ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ಸೊತ್ತು ಇದು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಜನರ ನೋಟಕ್ಕೆ ಇಟ್ಟಿದ್ದರು. ಹೋದಬಂದವರೆಲ್ಲ ಹಿಡಿ ತಿರುಗಿಸಿ, ಅಲ್ಲಿಯೇ ಓದಲು ಕುಳಿತಿದ್ದವರು ಆ ಗದ್ದಲಕ್ಕೆ ರೋಸಿಹೋಗಿದ್ದರಂತೆ! ಈಗ ಗಾಜು ಅಡ್ಡ ಬಂದಿದೆ, ಸದ್ದಡಗಿದೆ.

ಈ ಹುಲಿಯ ಮುಂದೆ ನಿಂತ ಗೈಡ್ ಅದರ ಉದ್ದ, ಮರದ ಜಾತಿ, ಒಳಗಿನ ಯಂತ್ರದ ಚಮತ್ಕಾರ ಇಷ್ಟನ್ನೇ ಹೇಳಿ ಮುಂದಿನ ಕೋಣೆಗೆ ಹೊರಟರೆ ಕೇಳಿದವರಿಗೆ ಅರ್ಧ ಕಥೆ ಮಾತ್ರ ಸಿಕ್ಕಂತಾಯಿತು. ಇದು ಇಲ್ಲಿಗೆ ಹೇಗೆ ಬಂತು ಎಂಬುದು ಉಳಿದರ್ಧ. ಜಗತ್ತಿನ ಸಂಸ್ಕೃತಿಗಳನ್ನೆಲ್ಲ ಒಂದೇ ಸೂರಿನಡಿ ತಂದಿಟ್ಟ ಸಂಗ್ರಹಾಲಯಗಳಲ್ಲಂತೂ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ.

ಅಂಥ ಸಂಗ್ರಹಾಲಯಗಳು ಯೂರೋಪಿನಲ್ಲಿ ಹಳೆಯವು, ಅವುಗಳ ಹೆಸರುಗಳು ಹೊಸವು. ಹಾಲೆಂಡಿನ ಲೈಡನ್ ನಗರದ ಸಂಗ್ರಹಾಲಯದ ಬೇರು 1837ಕ್ಕೆ ಹೋಗುತ್ತದೆ. 'ವಿಶ್ವ ವಸ್ತುಸಂಗ್ರಹಾಲಯ' ಎಂಬ ಹೆಸರು ಬಂದದ್ದು 2023ರಲ್ಲಿ. ವಿಯೆನ್ನಾದವರು 2013ರಲ್ಲೇ ಹಾಗೆ ಕರೆದುಕೊಂಡರು. ಫಲಕ ಬದಲಾದ ಮಾತ್ರಕ್ಕೆ ಒಳಗಿನದು ಬದಲಾಗಲಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಾರಣ ಲೈಡನ್ನಿನಲ್ಲಿದ್ದ ಗಣಪತಿ.

ಜಾವಾ ದ್ವೀಪದ ಸಿಂಗಸಾರಿಯ ದೇಗುಲದಲ್ಲಿದ್ದ, 13ನೆಯ ಶತಮಾನದ ಕಲ್ಲಿನ ಗಣಪತಿ ಅದು. ಸೊಂಡಿಲು, ದೊಡ್ಡ ಹೊಟ್ಟೆ ಕಂಡೊಡನೆ ನಮ್ಮವರು ಕೈಮುಗಿಯುತ್ತಾರೆ. ಕೆಳಗೆ ಪೀಠವನ್ನು ನೋಡಿದರೆ ತಲೆಬುರುಡೆಗಳ ಸಾಲು! ನಮ್ಮ ಕುರುಡುಮಲೆಯ ಗಣಪತಿಯನ್ನು ನೋಡಿ ಬೆಳೆದವರಿಗೆ ಇದು ಅರಗಿಸಿಕೊಳ್ಳಲು ಕಷ್ಟ. ಒಳ್ಳೆಯ ಗೈಡ್ ಇಲ್ಲಿ ಅವಸರ ಮಾಡುವುದಿಲ್ಲ. ನೀವು ಏನನ್ನು ಗುರುತಿಸಿದಿರಿ, ಏನು ಹೊಸದೆನಿಸಿತು ಎಂದು ಮೊದಲು ನೋಡುವವರ ಬಾಯಿ ಬಿಡಿಸಿ, ಆಮೇಲೆ ಜಾವಾದ ತಾಂತ್ರಿಕ ಪಂಥಗಳ ಕಡೆಗೆ ಮಾತು ತಿರುಗಿಸುತ್ತಾರೆ. ಕೊನೆಗೆ ಪ್ರಯಾಣದ ಕಥೆ ಬರುತ್ತದೆ. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಡಚ್ ಅಧಿಕಾರಿಯೊಬ್ಬ ಈ ಗಣಪತಿಯನ್ನೂ ಜೊತೆಯ ಮೂರ್ತಿಗಳನ್ನೂ ತೆಗೆಸಿ ತನ್ನ ಬಂಗಲೆಯ ತೋಟಕ್ಕೆ ಅಲಂಕಾರವಾಗಿ ಇಟ್ಟುಕೊಂಡ. ಅಲ್ಲಿಂದ ಅವು ಹಾಲೆಂಡಿಗೆ ಹೋದವು. ಗಣಪತಿ, ಮಹಿಷಮರ್ದಿನಿ ಮತ್ತು ಜೊತೆಯ ದ್ವಾರದೇವತೆಗಳನ್ನು ಡಚ್ಚರು ಇಂಡೊನೇಷ್ಯಕ್ಕೆ ಒಪ್ಪಿಸಿದ್ದು ಅದೇ 2023ರಲ್ಲಿ.

ಎಲ್ಲ ವಸ್ತುವಿನ ಕಥೆಯೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ವಿಯೆನ್ನಾದಲ್ಲಿ ಹಸಿರು ಗರಿಗಳ ಒಂದು ಶಿರೋಭೂಷಣವಿದೆ. ಮೆಕ್ಸಿಕೊದ ಆಸ್ಟೆಕ್ ಅರಸ ಮೊಕ್ಟೆಸುಮನದೆಂದು ಪ್ರತೀತಿ. ಮೆಕ್ಸಿಕೊ ಅದನ್ನು ಕೇಳುತ್ತಲೇ ಇದೆ. ಪ್ರಯಾಣದ ಅದುರಾಟವನ್ನು ಗರಿಗಳು ತಾಳಲಾರವು ಎಂದು ವಿಯೆನ್ನಾದವರು ಹೇಳುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಗೈಡ್ ಆದವರು ಎರಡನ್ನೂ ಹೇಳಬೇಕು. ಅಂದ ಹಾಗೆ, ಗರಿ ಮತ್ತು ಬಟ್ಟೆ ಇರುವ ಕೋಣೆಗಳು ಕತ್ತಲೆಯಾಗಿರುವುದು ಜಿಪುಣತನದಿಂದಲ್ಲ. ಬೆಳಕು ಬಣ್ಣವನ್ನು ತಿನ್ನುತ್ತದೆ.

ಇನ್ನು ನಮ್ಮ ಶಾಲಾ ಪ್ರವಾಸಗಳು. ಬೆಳಿಗ್ಗೆ ಕೋಲಾರದಿಂದಲೋ ಚಿಂತಾಮಣಿಯಿಂದಲೋ ಹೊರಟ ಬಸ್ಸು ಒಂದೇ ದಿನದಲ್ಲಿ ವಿಧಾನಸೌಧ, ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎಲ್ಲವನ್ನೂ ಮುಗಿಸಬೇಕು. ನಡುವೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕಾಲು ಗಂಟೆ. ಮಕ್ಕಳು ಕೈಕಟ್ಟಿಕೊಂಡು ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬರುತ್ತಾರೆ. ಮುಟ್ಟಬೇಡಿ, ಮಾತನಾಡಬೇಡಿ, ಬೇಗ ನಡೆಯಿರಿ. ಇದರಿಂದ ಶಿಸ್ತು ಬರಬಹುದೇನೋ, ಚರಿತ್ರೆ ಬರುವುದಿಲ್ಲ.

1865ರಲ್ಲಿ ಆರಂಭವಾದ ಆ ಸಂಗ್ರಹಾಲಯದಲ್ಲಿ ಮಕ್ಕಳನ್ನು ಒಂದೇ ಕಲ್ಲಿನ ಮುಂದೆ ಅರ್ಧ ಗಂಟೆ ಕೂರಿಸಿ ಎಂದು ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ. ಮದ್ದೂರು ಕಡೆಯ ಆತಕೂರಿನಿಂದ ತಂದ ಕಲ್ಲು ಅದು. 10ನೆಯ ಶತಮಾನದ ನಡುವಿನದು. ಮೇಲೆ ನಾಯಿ ಮತ್ತು ಹಂದಿ ಕಾದಾಡುತ್ತಿವೆ. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ಮಣಲೇರನೆಂಬ ವೀರ ಚೆನ್ನಾಗಿ ಹೋರಾಡಿದ. ಮೆಚ್ಚಿದ ಗಂಗರ ಅರಸ ಬೂತುಗ ಏನು ಬೇಕೋ ಕೇಳು ಎಂದ. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಕಾಡುಹಂದಿಯೊಡನೆ ಸೆಣಸಿ, ಹಂದಿಯ ಜೊತೆಗೇ ಸತ್ತಿತು. ಮಣಲೇರ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟ. ಈ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ.

ಈಗ ಆ ಕಲ್ಲಿಗೆ ಪೂಜೆಯಿಲ್ಲ, ಗೊರವನಿಲ್ಲ. ಮಳೆ ಬಿಸಿಲಿನ ಕಾಟವೂ ಇಲ್ಲ. ಊರಿನಲ್ಲೇ ಇರಬೇಕಿತ್ತೇ, ಇಲ್ಲಿಗೆ ಬಂದದ್ದೇ ಒಳ್ಳೆಯದಾಯಿತೇ? ಈ ಪ್ರಶ್ನೆಯನ್ನು ಹತ್ತನೆಯ ತರಗತಿಯ ಮಕ್ಕಳ ಮುಂದಿಟ್ಟು ನೋಡಿ. ಎರಡು ಪಕ್ಷವಾಗಿ ಜಗಳಕ್ಕೆ ಬೀಳುತ್ತಾರೆ, ಬೀಳಲಿ. ಕೋಲಾರದ ಹಳ್ಳಿಗಳಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ, ಶಾಸನತಜ್ಞ ಬಿ. ಎಲ್. ರೈಸ್ 1905ರಷ್ಟು ಹಿಂದೆಯೇ ನಮ್ಮ ಜಿಲ್ಲೆಯ ಶಾಸನಗಳಿಗೆಂದು ಒಂದು ಸಂಪುಟವನ್ನೇ ಹೊರತಂದಿದ್ದಾರೆ. ಅದರಲ್ಲಿ ನಿಮ್ಮ ಊರಿನ ಹೆಸರಿದೆಯೇ ಎಂದು ಹುಡುಕಿಸಿ, ಇದ್ದರೆ ಕಲ್ಲು ಇರುವಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ವಿವರಿಸುವ ಕೆಲಸವನ್ನು ಅವರಿಗೇ ಬಿಡಿ. ಬೆಂಗಳೂರಿನ ಪ್ರವಾಸ ಆಮೇಲೆ. ಅಲ್ಲಿನ ಸಂಗ್ರಹಾಲಯಕ್ಕೆ ಸೋಮವಾರ ರಜೆ. ಬಸ್ ಗೊತ್ತುಮಾಡುವ ಮೊದಲು ತೆರೆದಿದೆಯೇ ಎಂದು ಒಮ್ಮೆ ವಿಚಾರಿಸಿಕೊಳ್ಳಿ. ನಮಸ್ಕಾರ.