65 ವರ್ಷ ಮರೆಯದ ಮೈ

ಆತ್ಮೀಯ ಕೇಳುಗರೇ, ನಮಸ್ಕಾರ.

ಸೋಂಕು ರೋಗಗಳನ್ನು ತಡೆಯುವ ಗುಣ ನಮ್ಮ ದೇಹಕ್ಕೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಸಿಕೊಡಬೇಕೆಂದು ಆಕಾಶವಾಣಿಯವರು ನನ್ನನ್ನು ಕೇಳಿದ್ದಾರೆ. ಈ ಪ್ರಶ್ನೆಯನ್ನು ಯಾರ ಮುಂದಿಟ್ಟರೂ ಒಳ್ಳೆಯ ಊಟ, ಗಟ್ಟಿಮುಟ್ಟಾದ ಮೈಕಟ್ಟು, ದಿನಕ್ಕೆರಡು ಲೋಟ ಕಷಾಯ, ಅಂಗಡಿಯಲ್ಲಿ ಡಬ್ಬಿಗಟ್ಟಲೆ ಮಾರುವ ಪುಡಿ ಎಂಬ ಉತ್ತರಗಳೇ ಬರುತ್ತವೆ. ಒಳ್ಳೆಯ ಊಟ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಡಾರದಂಥ ಒಂದು ರೋಗ ನಿಮ್ಮ ಓಣಿಗೆ ಕಾಲಿಟ್ಟಾಗ ನಿಮ್ಮನ್ನು ಕಾಯುವುದು ಮೈಯ ಕಸುವಲ್ಲ, ಮೈಯ ನೆನಪು. ಆ ರೋಗಾಣುವನ್ನು ನಿಮ್ಮ ದೇಹ ಹಿಂದೆ ಒಮ್ಮೆ ಕಂಡಿದೆಯೇ, ಕಂಡದ್ದನ್ನು ನೆನಪಿನಲ್ಲಿ ಉಳಿಸಿಕೊಂಡಿದೆಯೇ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ನಾನು ಈ ಹೊತ್ತು ಹೇಳಬೇಕೆಂದಿರುವುದು ಇದೊಂದೇ ಮಾತು. ಇದನ್ನೇ ನಾಲ್ಕಾರು ಬಗೆಯಲ್ಲಿ ಹೇಳುತ್ತೇನೆ, ದಯವಿಟ್ಟು ಬೇಸರಿಸಬೇಡಿ.

ಈ ಮಾತನ್ನು ಪ್ರಯೋಗಾಲಯದ ನೆರವಿಲ್ಲದೆ, ಬರಿಯ ಕಣ್ಣು, ಕಿವಿ ಮತ್ತು ದಿನಚರಿ ಪುಸ್ತಕದ ಬಲದಿಂದ ಜಗತ್ತಿಗೆ ತೋರಿಸಿಕೊಟ್ಟವರು ಡೆನ್ಮಾರ್ಕಿನ ವೈದ್ಯ ಪೀಟರ್ ಲುಡ್ವಿಗ್ ಪಾನುಮ್. ವೈದ್ಯ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಆರಂಭಿಸುವಾಗ ನಾನು ಮೊದಲು ಹೇಳುವುದು ಇವರ ಕಥೆಯನ್ನೇ. ನಿಮಗೂ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಬ್ರಿಟನ್ನಿಗೂ ಐಸ್‌ಲ್ಯಾಂಡಿಗೂ ನಡುವೆ, ಅಟ್ಲಾಂಟಿಕ್ ಸಾಗರದಲ್ಲಿ, ಫ್ಯಾರೋ ಎಂಬ ದ್ವೀಪಗಳ ಗುಂಪಿದೆ. ಡೆನ್ಮಾರ್ಕಿನ ಆಡಳಿತಕ್ಕೆ ಸೇರಿದ ಆ ದ್ವೀಪಗಳಲ್ಲಿ 1846ರಲ್ಲಿ ಇದ್ದ ಜನ ಎಂಟು ಸಾವಿರಕ್ಕೂ ಕಡಿಮೆ. ಕುರಿ ಸಾಕಣೆ, ಮೀನುಗಾರಿಕೆ, ತಿಮಿಂಗಿಲ ಬೇಟೆ ಅವರ ಕಸುಬು. ಅಲ್ಲಿಗೆ ದಡಾರ ಬಂದು ಹೋದದ್ದು 1781ರಲ್ಲಿ. ಆಮೇಲೆ 65 ವರ್ಷ ಅದರ ಸುಳಿವೇ ಇರಲಿಲ್ಲ. 1846ರ ಮಾರ್ಚ್ 20ರಂದು ಕೋಪನ್‌ಹೇಗನ್ನಿನಿಂದ ಹಡಗು ಹತ್ತಿದ ಒಬ್ಬ ಮರಗೆಲಸದವನು ಮಾರ್ಚ್ 28ರಂದು ಅಲ್ಲಿನ ಮುಖ್ಯ ಪಟ್ಟಣವಾದ ಟೋರ್ಶಾವ್ನ್‌ನಲ್ಲಿ ಇಳಿದ. ದಾರಿಯುದ್ದಕ್ಕೂ ಆತ ಆರೋಗ್ಯವಾಗಿಯೇ ಇದ್ದ. ಏಪ್ರಿಲ್ ಆರಂಭದಲ್ಲಿ ಅವನಿಗೆ ದಡಾರ ಎದ್ದಿತು, ಬಳಿಕ ಅವನ ಆಪ್ತ ಸ್ನೇಹಿತರಿಗೆ ತಗುಲಿತು, ಅಲ್ಲಿಂದ ದೋಣಿಗಳ ಜೊತೆಗೆ ದ್ವೀಪದಿಂದ ದ್ವೀಪಕ್ಕೆ ಹಬ್ಬಿತು. ಕೆಲವೇ ತಿಂಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಮಲಗಿದರು. ಯಾರನ್ನೂ ಒಳಗೆ ಬಿಟ್ಟುಕೊಳ್ಳದೆ ಬಾಗಿಲು ಹಾಕಿಕೊಂಡ ಕೆಲವು ಹಳ್ಳಿಗಳು ಮಾತ್ರ ಪಾರಾದವು.

ಡೆನ್ಮಾರ್ಕ್ ಸರ್ಕಾರ ಇಬ್ಬರು ಯುವ ವೈದ್ಯರನ್ನು ಅಲ್ಲಿಗೆ ಕಳುಹಿಸಿತು. ಅವರಲ್ಲಿ ಒಬ್ಬರು ಪಾನುಮ್. ಆಗ ಅವರಿಗೆ 25 ವರ್ಷ. ಸೂಕ್ಷ್ಮಾಣುಗಳಿಂದ ರೋಗ ಬರುತ್ತದೆ ಎಂಬ ವಿಚಾರವನ್ನು ವೈದ್ಯಲೋಕ ಒಪ್ಪಲು ಇನ್ನೂ ಹಲವು ದಶಕಗಳಿದ್ದವು. ದಡಾರದ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿದ್ದಂತೂ 1954ರಲ್ಲಿ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ದೊಡ್ಡ ದೊಡ್ಡವರೇ ನಂಬಿದ್ದ ಆ ಕಾಲದಲ್ಲಿ ಪಾನುಮ್ ದೋಣಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ, ಯಾರಿಗೆ ಯಾವ ದಿನ ಗುಳ್ಳೆ ಎದ್ದಿತು, ಅದಕ್ಕೆ ಮೊದಲು ಅವರು ಯಾರನ್ನು ಎಲ್ಲಿ ಭೇಟಿಯಾಗಿದ್ದರು ಎಂದು ಕೇಳಿ ಕೇಳಿ ಬರೆದುಕೊಂಡರು.

ಹಾಗೆ ಬರೆದುಕೊಂಡ ಒಂದು ಪ್ರಸಂಗ ನನಗೆ ಅತ್ಯಂತ ಪ್ರಿಯವಾದದ್ದು. ಟ್ಯೋರ್ನುವೀಕ್ ಎಂಬ ಪುಟ್ಟ ಹಳ್ಳಿಯ ಹತ್ತು ಗಂಡಸರು ಒಂದೇ ದೋಣಿಯಲ್ಲಿ ಜೂನ್ 4ರಂದು ವೆಸ್ಟ್‌ಮನ್ನಾ ಎಂಬಲ್ಲಿಗೆ ತಿಮಿಂಗಿಲ ಬೇಟೆಗೆ ಹೋದರು. ಅಲ್ಲಿ ಆಗ ದಡಾರವಿತ್ತು. ಬೇಟೆ ಮುಗಿಸಿ ಹತ್ತೂ ಜನ ಆರೋಗ್ಯವಾಗಿ ಮನೆಗೆ ಮರಳಿದರು. ಜೂನ್ 18ರಂದು, ಒಂದೇ ದಿನ, ಆ ಹತ್ತೂ ಜನರ ಮೈಮೇಲೆ ಗುಳ್ಳೆಗಳೆದ್ದವು. ಮತ್ತೆ ಸುಮಾರು ಎರಡು ವಾರ ಊರಿನಲ್ಲಿ ಹೊಸಬರಾರೂ ಮಲಗಲಿಲ್ಲ. ಆಮೇಲೆ ಅವರ ಮನೆಮಂದಿಯ ಸರದಿ ಬಂದಿತು. ಸೋಂಕು ತಗುಲಿದ ದಿನಕ್ಕೂ ಗುಳ್ಳೆ ಏಳುವ ದಿನಕ್ಕೂ ನಡುವೆ ಸುಮಾರು ಹದಿನಾಲ್ಕು ದಿನಗಳ ಅಂತರವಿದೆ, ಇದು ಮನುಷ್ಯರಿಂದ ಮನುಷ್ಯರಿಗೇ ಹರಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೇ? ಇಂದಿಗೂ ಪಠ್ಯಪುಸ್ತಕಗಳಲ್ಲಿ ಇರುವುದು ಅದೇ ಹದಿನಾಲ್ಕು ದಿನಗಳ ಲೆಕ್ಕ.

ಆ ಹತ್ತು ಜನ ಎಂಥವರಾಗಿದ್ದರು ಎಂಬುದನ್ನು ಒಂದು ಕ್ಷಣ ಯೋಚಿಸಿ. ಕಡಲಿನಲ್ಲಿ ಹುಟ್ಟುಹಾಕಿ ಹುಟ್ಟುಹಾಕಿ ತೋಳು ಹುರಿಗೊಂಡಿದ್ದ, ತಿಮಿಂಗಿಲವನ್ನು ದಡಕ್ಕೆಳೆಯಬಲ್ಲ ಆಳುಗಳು. ಫ್ಯಾರೋ ಜನ ಡೆನ್ಮಾರ್ಕಿನ ಜನರಿಗಿಂತ ಹೆಚ್ಚು ಕಾಲ ಬಾಳುತ್ತಾರೆ ಎಂಬುದನ್ನೂ ಪಾನುಮ್ ಲೆಕ್ಕಹಾಕಿ ಬರೆದಿದ್ದಾರೆ. ಕಸುವೇ ಕಾಯುವುದಾದರೆ ಇವರನ್ನು ಕಾಯಬೇಕಿತ್ತು. ಕಾಯಲಿಲ್ಲ.

ಹಾಗಾದರೆ ರೋಗದ ಮನೆಯಲ್ಲೇ ಇದ್ದು ರೋಗ ತಗುಲದೆ ಉಳಿದವರು ಯಾರು? ಮುದುಕರು, ಮುದುಕಿಯರು. 1781ರಲ್ಲಿ ಮಕ್ಕಳಾಗಿದ್ದಾಗ ದಡಾರ ಬಂದು ಹೋಗಿದ್ದ, ಈಗ ಬೆನ್ನು ಬಾಗಿದ್ದ ಅಜ್ಜ ಅಜ್ಜಿಯರು, ಮೊಮ್ಮಕ್ಕಳಿಗೆ ಆರೈಕೆ ಮಾಡುತ್ತ ಅದೇ ಕೋಣೆಯಲ್ಲಿ ಓಡಾಡುತ್ತಿದ್ದರು. ಅಂಥ 98 ಜನರನ್ನು ಪಾನುಮ್ ವಿಚಾರಿಸಿ ಗುರುತಿಸಿದರು. ಅವರಲ್ಲಿ ಒಬ್ಬರಿಗೂ ಎರಡನೆಯ ಬಾರಿ ದಡಾರ ಬರಲಿಲ್ಲ. ವಯಸ್ಸಾದವರಿಗೆ ದಡಾರ ಬರುವುದೇ ಇಲ್ಲವೇನೋ ಎಂದು ನೀವು ಕೇಳಬಹುದು. ಪಾನುಮ್ ಕೂಡ ಇದನ್ನು ಕೇಳಿಕೊಂಡರು. 1781ರಲ್ಲಿ ರೋಗದಿಂದ ತಪ್ಪಿಸಿಕೊಂಡಿದ್ದ ಮುದುಕರನ್ನು ಹುಡುಕಿ ನೋಡಿದರೆ, ಅವರಿಗೆ ಈ ಸಲ ಅದು ತಗುಲಿತ್ತು. ಎಂದರೆ ಕಾದದ್ದು ವಯಸ್ಸೂ ಅಲ್ಲ, ಗಾಳಿ ನೀರೂ ಅಲ್ಲ. ಎಳವೆಯಲ್ಲಿ ಒಮ್ಮೆ ಕಂಡ ರೋಗವನ್ನು ಆ ಮೈಗಳು 65 ವರ್ಷ ಮರೆತಿರಲಿಲ್ಲ, ಅಷ್ಟೆ. ನಡುವೆ ಆ ದ್ವೀಪಗಳಲ್ಲಿ ದಡಾರವೇ ಇರಲಿಲ್ಲವಾದ್ದರಿಂದ ನೆನಪನ್ನು ಹಸಿರಾಗಿಡಲು ಯಾವ ಅವಕಾಶವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಯಾವ ವಿಜ್ಞಾನಿಯೂ ಬೇಕೆಂದು ಏರ್ಪಡಿಸಲಾರದ ಪ್ರಯೋಗ ಅಲ್ಲಿ ತಾನಾಗಿ ನಡೆದಿತ್ತು, ಅದನ್ನು ಓದಬಲ್ಲ ಒಬ್ಬ ವೈದ್ಯ ಸರಿಯಾದ ಹೊತ್ತಿಗೆ ಅಲ್ಲಿದ್ದರು. 1847ರಲ್ಲಿ ಅವರು ಈ ವರದಿಯನ್ನು ಪ್ರಕಟಿಸಿದರು. ಪ್ರತಿ ಸಲ ಓದಿದಾಗಲೂ ನನಗೆ ಮೈ ನವಿರೇಳುತ್ತದೆ.

ಕಥೆ ಹೇಳುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಸಮಯ ಕಳೆದುಹೋಗಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಆ ನೆನಪು ದೇಹದಲ್ಲಿ ಎಲ್ಲಿರುತ್ತದೆ? ನಮ್ಮ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿವೆ. ಒಂದೊಂದು ಕಣ ಒಂದೊಂದು ಆಕಾರವನ್ನು ಮಾತ್ರ ಗುರುತಿಸಬಲ್ಲದು. ಹೊಸ ವೈರಸ್ ಬಂದಾಗ ಅದನ್ನು ಗುರುತಿಸುವ ಕೆಲವೇ ಕಣಗಳು ಲಕ್ಷಗಟ್ಟಲೆಯಾಗಿ ಬೆಳೆದು ಪ್ರತಿಕಾಯಗಳನ್ನು, ಎಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳನ್ನು, ತಯಾರಿಸಬೇಕು. ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ, ಅಷ್ಟರೊಳಗೆ ಕಾಯಿಲೆ ಬಂದೇಬಿಟ್ಟಿರುತ್ತದೆ. ರೋಗ ಇಳಿದ ಮೇಲೆ ಆ ಕಣಗಳಲ್ಲಿ ಬಹುಪಾಲು ಸಾಯುತ್ತವೆ. ಆದರೆ ರೈತರು ಸುಗ್ಗಿಯ ನಂತರ ಮುಂದಿನ ಬಿತ್ತನೆಗೆಂದು ಬೀಜ ತೆಗೆದಿಡುವಂತೆ ದೇಹವೂ ಒಂದು ಪಾಲನ್ನು ತೆಗೆದಿಡುತ್ತದೆ. ಇವೇ ನೆನಪಿನ ಕಣಗಳು. ಇವುಗಳ ಜೊತೆಗೆ ಮೂಳೆಯ ಮಜ್ಜೆಯಲ್ಲಿ ಕುಳಿತ ಕೆಲವು ಕಣಗಳು ದಶಕಗಳ ಕಾಲ ಪ್ರತಿಕಾಯಗಳನ್ನು ಒಸರಿಸುತ್ತಲೇ ಇರುತ್ತವೆ. ಅದೇ ವೈರಸ್ ಮತ್ತೆ ಬಂದರೆ ವಾರಗಟ್ಟಲೆ ಕಾಯಬೇಕಿಲ್ಲ, ಕಾಯಿಲೆ ತಲೆ ಎತ್ತುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ. ಡಬ್ಬಿಯ ಪುಡಿ ಈ ಕಣಗಳಿಗೆ ದಡಾರದ ಗುರುತನ್ನು ಕಲಿಸಲಾರದು. ಇದನ್ನು ಎಷ್ಟು ಸಲ ಹೇಳಿದರೂ ಜಾಹೀರಾತುಗಳ ಸದ್ದಿನಲ್ಲಿ ಕೇಳಿಸುವುದಿಲ್ಲ, ಆದ್ದರಿಂದ ಮತ್ತೆ ಹೇಳುತ್ತಿದ್ದೇನೆ: ನೆನಪು ಒಂದೊಂದು ರೋಗಕ್ಕೂ ಬೇರೆ ಬೇರೆಯಾಗಿಯೇ ಆಗಬೇಕು.

ಹಾಗಿದ್ದರೆ ದಡಾರ ಒಮ್ಮೆ ಬಂದು ಹೋಗಲಿ, ನೆನಪು ತಾನಾಗಿ ಉಳಿಯುತ್ತದೆ ಎಂದು ವಾದಿಸುವವರಿದ್ದಾರೆ. ಇದನ್ನು ಕೇಳಿದಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ದಡಾರ ನ್ಯುಮೋನಿಯಾ ತರುತ್ತದೆ, ಮಿದುಳಿಗೆ ಏರಬಲ್ಲದು, ಕಣ್ಣು ಕಳೆಯಬಲ್ಲದು, ಮಕ್ಕಳ ಜೀವ ತೆಗೆಯಬಲ್ಲದು. ಇಷ್ಟು ಸಾಲದೆಂಬಂತೆ ಈ ವೈರಸ್ ಹೊಕ್ಕು ನಾಶಮಾಡುವುದು ನಾನು ಈಗ ಹೇಳಿದ ನೆನಪಿನ ಕಣಗಳನ್ನೇ. ನೆದರ್ಲೆಂಡ್ಸಿನಲ್ಲಿ ಲಸಿಕೆ ಹಾಕಿಸದ ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ನಂತರ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ರೋಗಾಣುಗಳ ವಿರುದ್ಧ ಆ ಮಕ್ಕಳು ಅದುವರೆಗೆ ಗಳಿಸಿದ್ದ ಪ್ರತಿಕಾಯಗಳ ಬಗೆಗಳಲ್ಲಿ ಶೇಕಡ 11ರಿಂದ 73ರಷ್ಟು ಅಳಿಸಿಹೋಗಿದ್ದವು. ದಡಾರ ತನ್ನ ನೆನಪನ್ನು ಬಿಟ್ಟುಹೋಗುತ್ತದೆ, ಉಳಿದ ರೋಗಗಳ ನೆನಪನ್ನು ಅಳಿಸಿಹೋಗುತ್ತದೆ. ಗುಳ್ಳೆ ಬಾಡಿದ ಮೇಲೂ ಮಗು ತಿಂಗಳುಗಟ್ಟಲೆ ಒಂದಲ್ಲ ಒಂದು ಕಾಯಿಲೆಯಿಂದ ನರಳುವುದನ್ನು ಮನೆಯ ಹಿರಿಯರು ಕಂಡಿರುತ್ತೀರಿ. ಅದಕ್ಕೆ ಒಂದು ಮುಖ್ಯ ಕಾರಣ ಇಲ್ಲಿದೆ.

ಲಸಿಕೆ ಮಾಡುವುದು ರೋಗವನ್ನು ಕೊಡದೆ ನೆನಪನ್ನು ಮಾತ್ರ ಕೊಡುವ ಕೆಲಸ. ಬಲಗುಂದಿಸಿದ ವೈರಸ್ ಅದರಲ್ಲಿರುತ್ತದೆ, ಅದು ಇತರ ನೆನಪುಗಳನ್ನು ಅಳಿಸುವುದಿಲ್ಲ. 2017ರ ಫೆಬ್ರವರಿಯಲ್ಲಿ ದೇಶದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು; ಶಾಲೆಗಳಲ್ಲಿ ಮಕ್ಕಳು ತೋಳು ಮಡಚಿ ಸಾಲುಗಟ್ಟಿ ನಿಂತದ್ದು ನಿಮಗೆ ನೆನಪಿರಬಹುದು. ಈಗ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ. ಒಂಬತ್ತು ತಿಂಗಳವರೆಗೆ ಕಾಯುವುದೇಕೆಂದರೆ, ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಉಳಿದಿದ್ದು ಲಸಿಕೆಯ ವೈರಸ್ಸನ್ನೂ ತಡೆದುಬಿಡುತ್ತವೆ. ಅವು ಕರಗಬೇಕು. ಕೆಲವು ಮಕ್ಕಳಲ್ಲಿ ಒಂಬತ್ತು ತಿಂಗಳಿಗೂ ಪೂರ್ತಿ ಕರಗಿರುವುದಿಲ್ಲ. ನೂರಕ್ಕೆ ಸುಮಾರು ಹದಿನೈದು ಮಕ್ಕಳಲ್ಲಿ ಮೊದಲ ಡೋಸಿನಿಂದ ನೆನಪು ನಿಲ್ಲುವುದಿಲ್ಲ. ಎರಡನೆಯ ಡೋಸ್ ಇರುವುದು ಅವರಿಗಾಗಿ. ಅಂಥವರು ಯಾರೆಂದು ಹೊರಗಿನಿಂದ ನೋಡಿ ಹೇಳಲಾಗದ ಕಾರಣ ಎಲ್ಲರಿಗೂ ಹಾಕುತ್ತೇವೆ. ‘ಒಂದು ಹಾಕಿಸಿದ್ದೇವಲ್ಲ, ಸಾಕು’ ಎನ್ನುವ ತಾಯಂದಿರೇ, ದಯವಿಟ್ಟು ಇದನ್ನು ಗಮನಿಸಿ.

ಧನುರ್ವಾಯುವಿನ ನೆನಪು ಕೆಲವು ವರ್ಷಗಳಲ್ಲಿ ಮಸುಕಾಗುತ್ತದೆ, ಫ್ಲೂ ವೈರಸ್ ವರ್ಷ ವರ್ಷ ರೂಪ ಬದಲಿಸುತ್ತದೆ; ಅವುಗಳ ಬಗ್ಗೆ ವಿವರವಾಗಿ ಹೇಳಲು ಇವತ್ತು ಸಮಯವಿಲ್ಲ.

ಎರಡನೆಯ ಡೋಸ್ ತಪ್ಪಿಹೋಗಿದ್ದರೆ ಮಗುವಿಗೆ ಐದು ವರ್ಷ ತುಂಬುವವರೆಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕಿಸಬಹುದು. ಎರಡು ಡೋಸುಗಳ ನಡುವೆ ಕನಿಷ್ಠ ಒಂದು ತಿಂಗಳ ಅಂತರವಿದ್ದರೆ ಸಾಕು. ತಾಯಿ ಕಾರ್ಡ್ ಕಳೆದುಹೋಗಿದೆ, ಹಾಕಿಸಿದ್ದೇವೋ ಇಲ್ಲವೋ ನೆನಪಿಲ್ಲ ಎನ್ನುವವರು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರ ಬಳಿಯೂ ದಾಖಲೆ ಸಿಗದಿದ್ದರೆ ಹಾಕಿಸಿಬಿಡಿ. ಈಗಾಗಲೇ ಲಸಿಕೆ ಪಡೆದ ಮಗುವಿಗೆ ಇನ್ನೊಂದು ಡೋಸ್ ಬಿದ್ದರೆ ಅದರಿಂದ ಯಾವ ಕೇಡೂ ಇಲ್ಲ.

ನಮಸ್ಕಾರ.